ಹಂದಿ ಜ್ವರ ಅಂತೀರಿ, ಯಾವ ಹಂದಿ ಜ್ವರ?

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಪೇಪರ್‌ನಲ್ಲಿ ಆಗಾಗ "ಹಂದಿ ಜ್ವರದ ಭೀತಿ" ಅಂತ ದಪ್ಪ ಅಕ್ಷರದಲ್ಲಿ ಬರುತ್ತಲ್ಲ, ಹೆಡ್ಡಿಂಗ್ ಓದಿದ್ರೆ ಅದು ಯಾವ ಹಂದಿ ಜ್ವರ ಅಂತ ಗೊತ್ತೇ ಆಗಲ್ಲ. ಒಂದೇ ಹೆಸರಿಟ್ಕೊಂಡು ಮೂರು ಕಾಯಿಲೆ ಓಡಾಡ್ತಾ ಇದಾವೆ ಸ್ವಾಮಿ. 2009ರಲ್ಲಿ ಊರೆಲ್ಲಾ ಮಾಸ್ಕ್ ಹಾಕ್ಸಿದ ಎಚ್‌1ಎನ್‌1 ಒಂದು, ಅದು ಕೆಮ್ಮು ಸೀನಿನಿಂದ ಮನುಷ್ಯರಿಂದ ಮನುಷ್ಯರಿಗೆ ಹರಡೋ ಫ್ಲೂ, ಬೇಯಿಸಿದ ಹಂದಿ ಮಾಂಸ ತಿಂದ್ರೆ ಬರೋದಲ್ಲ. ಇನ್ನೊಂದು ಹಂದಿ ಸಾಕೋರಿಗೆ ಮೊದ್ಲಿಂದಲೂ ಗೊತ್ತಿರೋ ಹಂದಿ ಜ್ವರ, ಅದಕ್ಕೆ ಹಂದಿಗಳಿಗೆ ಹಾಕೋ ಲಸಿಕೆ ಇದೆ. ಮತ್ತೊಂದು ಆಫ್ರಿಕನ್ ಹಂದಿ ಜ್ವರ, 2020ರಲ್ಲಿ ಅಸ್ಸಾಂ, ಅರುಣಾಚಲದ ಕಡೆ ಮೊದ್ಲು ಕಾಣಿಸ್ಕೊಂಡು ಆಮೇಲೆ ದೇಶ ಎಲ್ಲಾ ಸುತ್ತಿದ್ದು, ಇದು ಬಂತು ಅಂದ್ರೆ ಸುತ್ತ ಒಂದು ಕಿಲೋಮೀಟರ್ ಒಳಗಿನ ಹಂದಿಗಳನ್ನೆಲ್ಲ ಕೊಂದು ಹೂಳ್ಬೇಕು, 10 ಕಿಲೋಮೀಟರ್ ತನಕ ನಿಗಾ ಇಡ್ಬೇಕು, ಸಾಕಿದವನ ಕಥೆ ಮುಗೀತು. ಆದ್ರೆ ಮನುಷ್ಯರಿಗೆ ಇದು ಅಂಟೋದೇ ಇಲ್ಲ! ಅಂಟಲ್ಲ ಅನ್ನೋ ಮಾತು ನಿಮ್ಮ ಸುದ್ದೀಲಿ ಇರುತ್ತೆ, ಇಲ್ಲ ಅನ್ನಲ್ಲ, ಕೊನೇ ಪ್ಯಾರಾದಲ್ಲಿ ಇರುತ್ತೆ, ಅಷ್ಟರೊಳಗೆ ಹೆಡ್ಡಿಂಗ್ ಫೋಟೋ ಹೊಡೆದು ವಾಟ್ಸಾಪಿಗೆ ಹಾಕಿ ಆಗಿರುತ್ತೆ.

ನಮ್ಮ ಕೊಡಗಿನ ಕಡೆ ಮದುವೆ ಅಂದ್ರೆ ಪಂದಿ ಕರಿ, ಅಂದ್ರೆ ಹಂದಿ ಮಾಂಸದ ಸಾರು, ಇಲ್ದೆ ನಡೆಯಲ್ಲ, ನಿಮಗೆ ಹೇಳ್ಬೇಕಾಗಿಲ್ಲ. ಇಂಥದ್ದೇ ಒಂದು ಸುದ್ದಿ ಬಂದಿದ್ದಾಗ ನೆಂಟರ ಮದುವೇಲಿ ಊಟಕ್ಕೆ ಕೂತಿದ್ವಿ, ಬೆಂಗಳೂರಿಂದ ಬಂದಿದ್ದ ಹುಡುಗ ಕಡಂಬುಟ್ಟು (ಅಕ್ಕಿ ಕಡುಬು) ಹಾಕಿಸ್ಕೊಂಡು ಪಂದಿ ಬಂದ ಕೂಡ್ಲೆ ಕೈ ಅಡ್ಡ ಹಿಡಿದ, "ಬೇಡ ಮಾವ, ಪೇಪರಲ್ಲಿ ಹಂದಿ ಜ್ವರ ಅಂತ ಬಂದಿದೆ" ಅಂತ. ಪಕ್ಕದಲ್ಲಿದ್ದ ಅಜ್ಜ ಒಬ್ರು "ಅವನ ಪಾಲು ಇಲ್ಲಿ ಹಾಕಪ್ಪ" ಅಂದ್ರು, ಎಲ್ಲಾ ನಕ್ವಿ. ಆದ್ರೆ ನಾಲ್ಕೈದು ಹಂದಿ ಸಾಕಿಕೊಂಡು ಅದರಲ್ಲೇ ಮಕ್ಕಳ ಫೀಸ್ ಕಟ್ಟೋರಿಗೆ ಇದು ನಗೋ ವಿಷಯ ಅಲ್ಲ.

ಹಂದಿಯದ್ದು ವ್ಯಾಪಾರದ ಮಾತಾಯ್ತು, ಇಲಿ ಜ್ವರದ್ದು ಜೀವದ ಮಾತು. ಮಳೆಗಾಲದಲ್ಲಿ ತೋಟದ ಕೆಲಸದವರು ಇರೋ ಲೈನ್ ಮನೇಲಿ ಒಬ್ರಿಗೆ ಜ್ವರ ಬಂತು, ಒಂದ್ಸಲ ಆಸ್ಪತ್ರೆಗೆ ತೋರಿಸಿ, ಇಲಿ ಜ್ವರ ಇರ್ಬಹುದು ಅಂದೆ. "ಇಲಿ ಕಚ್ಚೇ ಇಲ್ವಲ್ಲ ಸಾರ್" ಅಂದ್ರು. ಅವರದ್ದೇನು ತಪ್ಪು, ಹೆಸರೇ ಹಾಗಿದೆ. ಇಲಿ ಕಚ್ಚೋದೇ ಬೇಡ, ಇಲಿ ಉಚ್ಚೆ ಬೆರೆತ ನೀರು ಕೆಸರು ಸಾಕು, ಇಲಿ ಒಂದೇ ಅಲ್ಲ ದನ, ನಾಯಿ, ಹಂದಿ ಉಚ್ಚೇಲೂ ಆ ಬ್ಯಾಕ್ಟೀರಿಯಾ ಇರಬಹುದು. ನಾಟಿ ಟೈಮಲ್ಲಿ ದಿನವಿಡೀ ಗದ್ದೇಲಿ ನಿಂತು ಬೆರಳ ಸಂದೀಲಿ ಕೆಸರು ಹುಣ್ಣು ಆಗಿರುತ್ತಲ್ಲ, ಅದ್ರಲ್ಲೇ ಒಳಗೆ ಹೋಗುತ್ತೆ. ಜ್ವರ, ತಲೆನೋವು, ಕಣ್ಣು ಕೆಂಪು, ಮೀನಖಂಡ ಮುಟ್ಟಿದ್ರೆ ನೋವು, ಇಷ್ಟರಲ್ಲೇ ತೋರಿಸಿದ್ರೆ ಮಾಮೂಲಿ ಆಂಟಿಬಯೋಟಿಕ್‌ನಲ್ಲಿ ವಾಸಿ ಆಗುತ್ತೆ. ತಡ ಆದ್ರೆ ಕಣ್ಣು ಹಳದಿ ಆಗುತ್ತೆ, ಆಗ ನಮ್ಮವರು ಏನ್ಮಾಡ್ತಾರೆ, ಕಾಮಾಲೆ ಅಂತ ಹೆಸರಿಟ್ಟು ಸೀದಾ ನಾಟಿ ಮದ್ದಿಗೆ ಹೋಗಿ ಪಥ್ಯ ಮಾಡ್ಕೊಂಡು ಕೂರ್ತಾರೆ, ಆ ಕಡೆ ಕಿಡ್ನಿ ಹೋಗ್ತಾ ಇರುತ್ತೆ. ಕಾಮಾಲೆ ಅನ್ನೋದು ಒಳಗೆ ಏನೋ ಆಗಿದೆ ಅನ್ನೋ ಗುರುತು ಅಷ್ಟೆ, ಯಾತರಿಂದ ಆಯ್ತು ಅಂತ ರಕ್ತ ಪರೀಕ್ಷೆ ಮಾಡಿಸ್ದೆ ಹೇಗೆ ಗೊತ್ತಾಗುತ್ತೆ?

ಮಂಗನ ಕಾಯಿಲೆದೂ ಇದೇ ಹಾಡು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಗೊತ್ತಾಗಿದ್ದು, 2015ರಲ್ಲಿ ನಮ್ಮ ಪಕ್ಕದ ವಯನಾಡಲ್ಲೂ ಸುಮಾರು ಜನರಿಗೆ ಬಂದಿತ್ತು. ತರೋದು ಉಣ್ಣಿ, ಮಂಗ ಪಾಪ ಅದೂ ನಮ್ಮ ಹಾಗೇ ಸಾಯುತ್ತೆ. ಜನ ಮಾತ್ರ ಮಂಗ ನೋಡಿದ್ರೆ ಓಡಿಸ್ತಾರೆ, ಕಾಡಿಂದ ಬಂದು ಮೈಮೇಲೆ ಉಣ್ಣಿ ಇದೆಯಾ ಅಂತ ನೋಡ್ಕೊಳಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೊಸ ಕಾಯಿಲೆಗಳಿಗೆ ಪ್ರಾಣಿ, ಊರು, ಮನುಷ್ಯರ ಹೆಸರು ಇಡ್ಬೇಡಿ ಅಂತ ಹೇಳಿದೆ. ಹಾಗಂತ ಹಳೇ ಹೆಸರೆಲ್ಲಾ ಕಿತ್ತಾಕಿ ಅಂತ ನಾನು ಹೇಳಲ್ಲ. ಲೆಪ್ಟೋಸ್ಪೈರೋಸಿಸ್ ಅಂತ ಬರೆದ್ರೆ ಲೈನ್ ಮನೇಲಿ ಯಾರು ಓದ್ತಾರೆ, ಇಲಿ ಜ್ವರ ಅಂದ್ರೇನೇ ತಿರುಗಿ ನೋಡೋದು. ನಾಯಿಕೆಮ್ಮು ಅಂದ ಮಾತ್ರಕ್ಕೆ ಯಾರೂ ಮನೆ ನಾಯೀನ ಓಡಿಸಿಲ್ಲ. ಹೆಸರು ಇರ್ಲಿ. ಹೆಸರಿನ ಪಕ್ಕದಲ್ಲೇ ಯಾತರಿಂದ ಬರುತ್ತೆ ಅಂತ ಒಂದು ಸಾಲು, ಅದೂ ಮೊದಲ ಪ್ಯಾರಾದಲ್ಲಿ, ಪ್ರತಿ ಸಲ ಹಾಕಿ, ಹೋದ ವಾರ ಹಾಕಿದ್ವಲ್ಲ ಅಂತ ಬಿಡಬೇಡಿ. ಹಂದಿಗಳಿಗೆ ಮಾತ್ರ ಬರೋ ಜ್ವರ ಆದ್ರೆ "ಮನುಷ್ಯರಿಗೆ ಬರಲ್ಲ" ಅನ್ನೋ ಎರಡು ಪದಕ್ಕೆ ಹೆಡ್ಡಿಂಗಲ್ಲೇ ಜಾಗ ಮಾಡಿ, ಬೇಕಾದ್ರೆ ಆ "ಭೀತಿ" ತೆಗೀರಿ, ಜಾಗ ತಾನಾಗೇ ಸಿಗುತ್ತೆ.

ಇಂತಿ,
ಒಬ್ಬ ಓದುಗ, ನಾಪೋಕ್ಲು