ಕೋಡಿ ಎತ್ತರಿಸಿದರೆ ಏರಿ ಉಳಿಯುತ್ತಾ?

ಮಾನ್ಯ ಸಂಪಾದಕರೇ,

ಕೆರೆ ತುಂಬಿ ಕೋಡಿ ಹರಿದರೆ ನಮ್ಮ ಕೋಲಾರದ ಕಡೆ ಹಬ್ಬ. ಬಾಗಿನ, ವಾದ್ಯ, ಪೇಪರಿನಲ್ಲಿ ಫೋಟೋ. ಬರದ ಜಿಲ್ಲೆಯವರು ನಾವು, ಖುಷಿ ಪಟ್ಟರೆ ತಪ್ಪೇನಿಲ್ಲ. ಆದರೆ ಆ ಸಂಭ್ರಮದಲ್ಲಿ ಕೋಡಿಯ ಮೇಲೆ ಪೇರಿಸಿದ ಮರಳಿನ ಚೀಲಗಳು ಯಾರ ಕಣ್ಣಿಗೂ ಬೀಳುವುದಿಲ್ಲ.

ನಮ್ಮೂರಲ್ಲಿ ಚೀಲವೂ ಅಲ್ಲ, ಹಳೇ ಕಲ್ಲಿನ ಕೋಡಿಯ ಮೇಲೆ ಎರಡಡಿ ಸಿಮೆಂಟ್ ಗೋಡೆಯನ್ನೇ ಎಬ್ಬಿಸಿದ್ದಾರೆ. ನೀರು ಜಾಸ್ತಿ ನಿಲ್ಲಲಿ, ಬೋರ್‌ವೆಲ್‌ಗೆ ಜೀವ ಬರಲಿ ಅನ್ನುವ ಆಸೆ. ಸರಿ, ಕೆರೆ ನೀರನ್ನು ತಡೆದು ನಿಲ್ಲಿಸುವ ಏರಿಯನ್ನೂ ಎತ್ತರಿಸಿದ್ದಾರಾ? ಇಲ್ಲ. ಮೊದಲು ಕೋಡಿ ಮಟ್ಟದಿಂದ ಏರಿಯ ತಲೆಗೆ ನಾಲ್ಕಡಿ ಅಂತರ ಇತ್ತು. ಈಗ ಎರಡಡಿ. ಟ್ರ್ಯಾಕ್ಟರ್ ಓಡಾಡಿ ತಗ್ಗಾದ ಕಡೆ ಒಂದೇ ಅಡಿ.

ಕೋಡಿ ಅಂದರೆ ಸುಮ್ನೆ ನೀರು ಪೋಲಾಗುವ ಜಾಗ ಅಲ್ಲ, ಹೆಚ್ಚಾದ ನೀರು ಏರಿಯ ಮೇಲೆ ಹತ್ತದಂತೆ ಹೊರಗೆ ಬಿಡುವ ದಾರಿ. ಏರಿ ಬರೀ ಮಣ್ಣು. ಅದರ ತಲೆಯ ಮೇಲಿಂದ ಒಮ್ಮೆ ನೀರು ಹರಿಯಿತೆಂದರೆ ಹಿಂಬದಿಯ ಮಣ್ಣು ಕೊಚ್ಚಿಕೊಂಡು ಹೋಗುತ್ತದೆ, ಆಮೇಲೆ ಯಾವ ಜೆಸಿಬಿ ಬಂದರೂ ಅಷ್ಟೇ. ನಮ್ಮ ಕೆರೆಗಳು ಸರಪಳಿ ಬೇರೆ. ಮೇಲಿನ ಕೆರೆ ಒಡೆದರೆ ಅದರ ನೀರೆಲ್ಲ ಕೆಳಗಿನ ಕೆರೆಯ ಮೇಲೇ ಬೀಳುತ್ತದೆ.

ಹಿಂದೆ ಊರಿಗೊಬ್ಬ ನೀರುಗಂಟಿ ಇರುತ್ತಿದ್ದ. ಗದ್ದೆಗೆ ನೀರು ಬಿಡುವುದಷ್ಟೇ ಅವನ ಕೆಲಸವಲ್ಲ. ಜೋರು ಮಳೆ ಬಂದ ರಾತ್ರಿ ಲಾಟೀನು ಹಿಡಿದು ಏರಿಯ ಬುಡದಲ್ಲಿ ನಡೆಯುತ್ತಿದ್ದ. ಬುಡದಲ್ಲಿ ಜಿನುಗುವ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡುತ್ತಿದ್ದ. ತಿಳಿಯಾಗಿದ್ದರೆ ಮನೆಗೆ ಹೋಗಿ ಮಲಗುವನು. ಕೆಂಪಗಿದ್ದರೆ ಊರನ್ನು ಎಬ್ಬಿಸುವನು, ಏಕೆಂದರೆ ಏರಿಯ ಒಳಗಿನ ಮಣ್ಣು ಕರಗಿ ಬರುತ್ತಿದೆ ಎಂದರ್ಥ. ಈಗ ನಮ್ಮ ಏರಿಯ ಬುಡಕ್ಕೆ ಹೋಗೋಣವೆಂದರೆ ಜಾಲಿ ಮುಳ್ಳು ಬಿಡುವುದಿಲ್ಲ. ಒಳಗೆ ಇಲಿ ಎಷ್ಟು ಬಿಲ ತೋಡಿದೆಯೋ, ಏಡಿ ಎಷ್ಟು ತೋಡಿದೆಯೋ!

ಏರಿ ಒಡೆದರೆ ಏನಾಗುತ್ತದೆ ಎಂದು ಬೆಂಗಳೂರಿನ ಹುಳಿಮಾವಿನವರನ್ನು ಕೇಳಬೇಕು. 2019ರ ನವೆಂಬರ್ 24ರ ಭಾನುವಾರ ಅಲ್ಲಿನ ಕೆರೆ ಏರಿ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು. ಏರಿಯನ್ನು ಅಗೆದದ್ದೇ ಕಾರಣ ಎಂದು ಆಗ ವರದಿಯಾಗಿತ್ತು.

ಇನ್ನೊಂದು ಮಾತು. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ಅಂತರ್ಜಲಕ್ಕೆ ಒಳ್ಳೆಯದೇ. ಆದರೆ ಹಿಂಗಾರು ಶುರುವಾಗುವ ಹೊತ್ತಿಗೆ ಕೆರೆ ಮೊದಲೇ ತುಂಬಿದ್ದರೆ ಮಳೆ ನೀರನ್ನು ಹಿಡಿಯುವುದು ಎಲ್ಲಿ? 2021ರ ನವೆಂಬರಿನಲ್ಲಿ ಕೋಲಾರ, ಚಿಕ್ಕಬಳ್ಳಾಪುರದ ಕೆರೆಗಳು ಸಾಲಾಗಿ ಕೋಡಿ ಹರಿದದ್ದು ಮರೆತುಹೋಯಿತಾ?

ಹಾಗಾಗಿ ಸಂಬಂಧಪಟ್ಟವರಲ್ಲಿ ಕೇಳಿಕೊಳ್ಳುವುದು ಇಷ್ಟೇ. ಕೋಡಿಯ ಮೇಲಿನ ಸಿಮೆಂಟ್ ಒಡೆದು ಹಳೇ ಕಲ್ಲಿನ ಮಟ್ಟಕ್ಕೆ ತನ್ನಿ. ಆಗಸ್ಟ್ ಮುಗಿಯುವುದರೊಳಗೆ ತೂಬು ಎತ್ತಿ ಕೆರೆಯಲ್ಲಿ ಸ್ವಲ್ಪ ಜಾಗ ಮಾಡಿ. ನಮ್ಮೂರ ತೂಬಿನ ಬಾಗಿಲು ತುಕ್ಕು ಹಿಡಿದು ಅಲ್ಲಾಡುತ್ತಿಲ್ಲ, ಅದನ್ನು ಮೊದಲು ರಿಪೇರಿ ಮಾಡಿಸಿ. ಏರಿಯ ಕೆಳಗೆ ನಲವತ್ತು ಮನೆಗಳಿವೆ, ನಮ್ಮದೂ ಅದರಲ್ಲೊಂದು.

– ಒಬ್ಬ ರೈತ, ಕೋಲಾರ ಜಿಲ್ಲೆ