ಗಾಲಿ ಬಿಚ್ಚಿ ನೋಡದೆ ಆಗುಂಬೆ ಹತ್ತಬೇಡಿ

ಟ್ಯೂರಿನ್, ಇಟಲಿ
ಭಾನುವಾರ ರಾತ್ರಿ

ತೀರ್ಥರೂಪರಾದ ಅಪ್ಪಯ್ಯನವರಿಗೆ ಹಾಗೂ ಅಮ್ಮನಿಗೆ ಸುಮಾ ಮಾಡುವ ನಮಸ್ಕಾರಗಳು. ಉಭಯ ಕುಶಲೋಪರಿ. ಅಜ್ಜಿಗೆ ನನ್ನ ನಮಸ್ಕಾರ ತಿಳಿಸಿ. ಇದನ್ನು ಕೈಯಲ್ಲೇ ಬರೆದು, ಚಿತ್ರ ತೆಗೆದು ಪ್ರಶಾಂತನ ಮೊಬೈಲಿಗೆ ಕಳುಹಿಸುತ್ತಿದ್ದೇನೆ. ಅವನು ಕಾಗದದ ಮೇಲೆ ದೊಡ್ಡದಾಗಿ ಮುದ್ರಿಸಿ ಕೊಡುತ್ತಾನೆ.

ಅಮ್ಮನ ಪತ್ರ ಬುಧವಾರ ಸಿಕ್ಕಿತು. ಅಂದಿನಿಂದ ನನ್ನ ತಲೆಯಲ್ಲಿ ನಮ್ಮ ಪದ್ಮಿನಿ ಕಾರಿನ ವಿಚಾರ ಬಿಟ್ಟು ಬೇರೇನೂ ಇಲ್ಲ. ವೇಗ ನಲವತ್ತು ದಾಟಿದರೆ ಗಾಡಿಯ ಹಿಂಭಾಗ ಅಲುಗಾಡುತ್ತದೆ, ಹಿಂದೆ ಕುಳಿತ ಅಜ್ಜಿಗೆ ಸೊಂಟ ಹಿಡಿದುಕೊಂಡಿದೆ, ನೀವು ಮಾತ್ರ "ಪರ್ಕಳದ ರಸ್ತೆಯೇ ಹಾಗೆ" ಎನ್ನುತ್ತೀರಿ ಎಂದು ಬರೆದಿದ್ದಾಳೆ. ಅಪ್ಪಯ್ಯ, ರಸ್ತೆಯ ದೋಷವಾಗಿದ್ದರೆ ನಿಮ್ಮ ಕೈಯಲ್ಲಿರುವ ಸ್ಟೀರಿಂಗ್ ಕೂಡ ನಡುಗಬೇಕಿತ್ತು. ಸ್ಟೀರಿಂಗ್ ಸುಮ್ಮನಿದ್ದು ಸೀಟು ಮಾತ್ರ ನಡುಗಿದರೆ ತೊಂದರೆ ಹಿಂದಿದೆ ಎಂದು ನನಗೆ ಕಲಿಸಿದವರು ನೀವೇ. ಎರಡು ಸಲ ಅಲೈನ್‌ಮೆಂಟ್ ಮಾಡಿಸಿದಿರಂತೆ. ನಮ್ಮ ಗಾಡಿಯ ಹಿಂದಿನ ಎರಡು ಗಾಲಿಗಳೂ ಒಂದೇ ಗಟ್ಟಿ ಎಕ್ಸೆಲ್ಲಿಗೆ, ಅಂದರೆ ಅಡ್ಡ ದಂಡಕ್ಕೆ, ಕೂಡಿಕೊಂಡಿವೆ, ಅಲ್ಲಿ ಅಲೈನ್‌ಮೆಂಟ್ ಮಾಡುವುದಕ್ಕೆ ಏನೂ ಇಲ್ಲ. ಆ ದುಡ್ಡು ಹೋಯಿತು, ಹೋಗಲಿ.

ನನ್ನನ್ನು ಹೆದರಿಸಿದ್ದು ಅಮ್ಮ ಕೊನೆಯಲ್ಲಿ ಸೇರಿಸಿದ ಎರಡು ಸಾಲು. ಎಡಗಡೆಯ ಹಿಂದಿನ ಗಾಲಿಯ ಒಳಮೈಯಲ್ಲಿ ಎಣ್ಣೆಯ ಪಸೆ. ಗಾಡಿ ಬಲಕ್ಕೆ ತಿರುಗುವಾಗ ಅರೆಯುವ ಕಲ್ಲು ತಿರುಗಿಸಿದಂಥ ಸದ್ದು. ಬಲಕ್ಕೆ ತಿರುಗುವಾಗ ಭಾರವೆಲ್ಲ ಎಡಗಡೆಗೆ ಬೀಳುತ್ತದೆ. ಆಗ ಸದ್ದು ಏರಿದರೆ ಎಡಗಾಲಿಯ ಬೇರಿಂಗನ್ನೇ ಮೊದಲು ಸಂಶಯಿಸಬೇಕು. ಕಳೆದ ಆಟಿಯ ಮಳೆಯಲ್ಲಿ ಉಡುಪಿಯ ಕಲ್ಸಂಕದ ನೀರಿನಲ್ಲಿ ಗಾಡಿ ಅರ್ಧ ಗಂಟೆ ನಿಂತಿತ್ತಲ್ಲ, ಅಂದೇ ನೀರು ಒಳಗೆ ಹೋಗಿರಬಹುದು.

ಇಲ್ಲಿ ನನ್ನ ಕೋಣೆಯ ಕೆಳಗಿನ ಮನೆಯಲ್ಲಿ ಎಂಬತ್ತು ದಾಟಿದ ಒಬ್ಬ ಅಜ್ಜ ಇದ್ದಾರೆ, ಫಿಯಟ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನಮ್ಮ ಗಾಡಿಯ ಚಿತ್ರ ತೋರಿಸಿದೆ. "ಮಿಲ್ಲೆಚೆಂಟೊ!" ಎಂದು ಕೂಗಿ ಹೆಂಡತಿಯನ್ನೂ ಕರೆದರು. ಸಾವಿರದ ನೂರು ಎಂದು ಅರ್ಥ, ಫಿಯಟ್ 1100, ನಮ್ಮ ಪದ್ಮಿನಿಯ ಮೂಲ. ಇವರ ಊರಿನಲ್ಲಿ 1969ಕ್ಕೇ ನಿಂತುಹೋದ ಗಾಡಿ ಮುಂಬೈಯ ಕುರ್ಲಾದಲ್ಲಿ ಮತ್ತೂ ಮೂವತ್ತು ವರ್ಷ ತಯಾರಾಯಿತು ಎಂದಾಗ ಅವರು ನಂಬಲೇ ಇಲ್ಲ. ನನಗೆ ಎಷ್ಟು ಹೆಮ್ಮೆಯಾಯಿತು ಗೊತ್ತೇ! ಮರುದಿನ ಲಿಂಗೊಟ್ಟೊ ಎಂಬ ಹಳೆಯ ಕಾರ್ಖಾನೆಗೆ ಕರೆದುಕೊಂಡು ಹೋದರು. ಐದು ಮಾಳಿಗೆಯ ಕಟ್ಟಡದ ತಾರಸಿಯ ಮೇಲೆ ಗಾಡಿ ಓಡಿಸಿ ನೋಡುವ ರಸ್ತೆ ಇದೆ, ಅಪ್ಪಯ್ಯ. ಕೆಳಗೆ ಕೆಲಸ ಶುರುವಾಗಿ, ಮಾಳಿಗೆಯಿಂದ ಮಾಳಿಗೆಗೆ ಏರುತ್ತಾ ಗಾಡಿ ತಯಾರಾಗಿ, ಮೇಲೆ ಓಡುತ್ತಿತ್ತಂತೆ. ಈಗ ಅಲ್ಲಿ ಗಿಡ ನೆಟ್ಟಿದ್ದಾರೆ.

ಅಮ್ಮ ಬರೆದ ಲಕ್ಷಣಗಳನ್ನು ಅಜ್ಜನಿಗೆ ಹೇಳಿದಾಗ ಅವರ ಮುಖದ ನಗು ಹೋಯಿತು. ಈ ಗಾಡಿಯಲ್ಲಿ ಎಕ್ಸೆಲ್ ಶಾಫ್ಟ್ ಗಾಲಿಯನ್ನು ತಿರುಗಿಸುವುದಷ್ಟೇ ಅಲ್ಲ, ಭಾರವನ್ನೂ ಹೊರುತ್ತದೆ. ಬೇರಿಂಗನ್ನು ಹಿಡಿದಿರುವ ಕಾಲರ್ ಎಂಬ ಬಳೆ ಜಾರಿದರೆ ಅಥವಾ ಶಾಫ್ಟ್ ತುಂಡಾದರೆ ಗಾಲಿ, ಡ್ರಮ್, ಶಾಫ್ಟ್ ಎಲ್ಲವೂ ಒಟ್ಟಿಗೆ ಹೊರಗೆ ಬರಬಹುದು. ಗೀತತ್ತೆಯ ಮಗನ ಮದುವೆಗೆ ಇದೇ ಗಾಡಿಯಲ್ಲಿ ಅಮ್ಮನನ್ನೂ ಅಜ್ಜಿಯನ್ನೂ ಕೂರಿಸಿಕೊಂಡು ತೀರ್ಥಹಳ್ಳಿಗೆ ಹೊರಟಿದ್ದೀರಿ. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಎಲ್ಲಾದರೂ ಹೀಗಾದರೆ? ಅದನ್ನು ನೆನೆದು ನಾನು ಎರಡು ರಾತ್ರಿ ನಿದ್ದೆ ಮಾಡಿಲ್ಲ.

ದಯವಿಟ್ಟು ಹೀಗೆ ಮಾಡಿ. ಮೊದಲು ಗಾಲಿಯ ನಟ್ಟು ಬೋಲ್ಟುಗಳು ಬಿಗಿಯಾಗಿವೆಯೇ ನೋಡಿ. ರಿಮ್ಮಿನ ತೂತುಗಳು ಉದ್ದುದ್ದ ಆಗಿದ್ದರೆ ಆ ರಿಮ್ಮನ್ನು ಮತ್ತೆ ಹಾಕಲೇಬೇಡಿ. ಎಡಗಾಲಿ ತೆಗೆದು ಸ್ಟೆಪ್ನಿ ಹಾಕಿ, ಮನೆಯಿಂದ ದೇವಸ್ಥಾನದವರೆಗೆ ಮಾತ್ರ, ನಿಧಾನವಾಗಿ ಹೋಗಿ ಬನ್ನಿ. ಆ ವೇಗಕ್ಕೆ ನಡುಕ ತಿಳಿಯದು, ಸದ್ದು ತಿಳಿಯುತ್ತದೆ. ಸದ್ದು ಹೋದರೆ ತೊಂದರೆ ಟಯರಿನಲ್ಲೋ ರಿಮ್ಮಿನಲ್ಲೋ ಇದೆ. ಹೋಗದಿದ್ದರೆ ಗಾಡಿಯನ್ನು ಮತ್ತೆ ಅಂಗಳದಿಂದ ಹೊರಗೆ ತೆಗೆಯಬೇಡಿ.

ಆಮೇಲೆ ಜ್ಯಾಕ್ ಹಾಕುವಾಗ ಪ್ರಶಾಂತ ಹತ್ತಿರ ಇರಲಿ. ಗಾಲಿ ತಿರುಗಿಸಲು ಹ್ಯಾಂಡ್‌ಬ್ರೇಕ್ ಬಿಡಲೇಬೇಕು. ಗೇರಿನಲ್ಲಿಟ್ಟರೂ ಗಾಡಿ ನಿಲ್ಲುವುದಿಲ್ಲ, ಒಂದು ಹಿಂಗಾಲಿ ಎತ್ತಿದಾಗ ನೆಲದ ಮೇಲಿರುವ ಇನ್ನೊಂದು ಉರುಳದಂತೆ, ಎರಡೂ ಗಾಲಿಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ತಡೆಯುವುದಿಲ್ಲ. ಆದ್ದರಿಂದ ಮುಂದಿನ ಎರಡೂ ಗಾಲಿಗಳಿಗೆ ಹಿಂದೆ ಮುಂದೆ ಕಲ್ಲು ಕೊಡಿ. ಆದರೆ ಎತ್ತಿದ ಗಾಡಿಯನ್ನು ಮುರಕಲ್ಲಿನ (ಕೆಂಪು ಕಲ್ಲಿನ) ಮೇಲೆ ನಿಲ್ಲಿಸಬೇಡಿ. ಒಳಗೆ ಬಿರುಕಿದ್ದರೆ ಒಮ್ಮೆಲೇ ಪುಡಿಯಾಗುತ್ತದೆ. ಕಬ್ಬಿಣದ ಸ್ಟ್ಯಾಂಡ್ ಯಾರಿಂದಾದರೂ ಕೇಳಿ ತನ್ನಿ.

ಗಡಿಯಾರದ ಹನ್ನೆರಡು ಮತ್ತು ಆರರ ಜಾಗದಲ್ಲಿ ಗಾಲಿಯನ್ನು ಎರಡು ಕೈಗಳಿಂದ ಹಿಡಿದು ಒಳಗೆ ಹೊರಗೆ ಅಲ್ಲಾಡಿಸಿ. ಟಕ್ ಎಂದು ಕೈಗೆ ತಾಗಿದರೆ ಬೇರಿಂಗ್ ಸವೆದಿದೆ. ಹಾಗೆ ತಾಗದಿದ್ದರೆ ಒಂದು ಸೀಮೆಸುಣ್ಣವನ್ನು ರಿಮ್ಮಿನ ಅಂಚಿಗೆ ಕೂದಲೆಳೆಯಷ್ಟು ದೂರದಲ್ಲಿ ಅಲುಗಾಡದಂತೆ ಹಿಡಿದು ಗಾಲಿ ತಿರುಗಿಸಿ. ಒಂದೇ ಕಡೆ ಗೀರು ಬಿದ್ದರೆ ರಿಮ್ ಬಾಗಿದೆ. ಗಾಲಿ ಬಿಚ್ಚಿ ಡ್ರಮ್ಮಿಗೂ ಹಾಗೆಯೇ ಮಾಡಿ. ಅದೂ ಓಲಾಡಿದರೆ ಶಾಫ್ಟೇ ಬಾಗಿರಬಹುದು. ಪಾಟಾದ, ಅಂದರೆ ಹಿಂದಿನ ಪಟ್ಟಿ ಸ್ಪ್ರಿಂಗಿನ, ಯೂ ಬೋಲ್ಟುಗಳನ್ನೂ ಬುಷ್‌ಗಳನ್ನೂ ಒಮ್ಮೆ ನೋಡಿಬಿಡಿ. ಅವು ಸಡಿಲವಾದರೂ ಹಿಂಭಾಗ ಓಲುತ್ತದೆ, ಆದರೆ ಎಣ್ಣೆ ಪಸೆ ಬರುವುದಿಲ್ಲ. ಆ ಎಣ್ಣೆ ಬ್ರೇಕ್ ಲೈನರಿಗೆ ಸೇರಿದ್ದರೆ ಬ್ರೇಕೂ ಸರಿಯಾಗಿ ಹಿಡಿಯುವುದಿಲ್ಲ.

ಬೇರಿಂಗ್ ಹಾಕುವವರು ಕಾಲರನ್ನು ಹಳೆಯದೇ ಸಾಕು ಎಂದರೆ ಒಪ್ಪಬೇಡಿ. ಅದು ಶಾಖ ಕೊಟ್ಟು ಬಿಗಿಯಾಗಿ ಕೂರಿಸುವ ವಸ್ತು, ಒಮ್ಮೆ ತೆಗೆದ ಮೇಲೆ ಅದರ ಹಿಡಿತದ ಮೇಲೆ ಭರವಸೆ ಇಡಲಾಗದು. ಸೀಲ್ ಕೂಡ ಹೊಸದೇ ಇರಲಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಲು ಅಣ್ಣನಿಗೆ ಹೇಳಿದ್ದೇನೆ. ಹಣ ನಿಮ್ಮ ಖಾತೆಗೆ ಕಳುಹಿಸಿದ್ದೇನೆ. ಬೇಡ ಎಂದು ತಿರುಗಿ ಕಳುಹಿಸಬೇಡಿ. ನಮ್ಮ ಅಜ್ಜ ಕಾದು ಕಾದು ತೆಗೆದುಕೊಂಡ ಗಾಡಿ ಅದು, ನನಗೂ ಅದರಲ್ಲಿ ಪಾಲಿದೆ. ಸರಿಯಾಗದಿದ್ದರೆ ತೀರ್ಥಹಳ್ಳಿಗೆ ಬಸ್ಸಿನಲ್ಲಿ ಹೋಗಿ. ಗಾಡಿ ಬರದಿದ್ದರೆ ಗೀತತ್ತೆ ಬೇಸರ ಮಾಡಿಕೊಳ್ಳುವುದಿಲ್ಲ.

ನಾನು ತುಂಬಾ ಚೆನ್ನಾಗಿದ್ದೇನೆ. ಚಳಿ ಏನೂ ಇಲ್ಲ, ಅಂದರೆ ಇದೆ, ಆದರೆ ಮೂರು ಉಡುಪು ಹಾಕುತ್ತೇನೆ. ದಿನವೂ ಅನ್ನ ಸಾರು ಮಾಡುತ್ತೇನೆ. ಕುಚ್ಚಲಕ್ಕಿ ಮುಗಿಯಿತು ಎಂದು ಅಮ್ಮ ಚಿಂತೆ ಮಾಡುವುದು ಬೇಡ, ಇಲ್ಲಿಯ ಅಕ್ಕಿಯೂ ಚೆನ್ನಾಗಿದೆ. ನಾಲ್ಕು ದಿನದ ಕೆಮ್ಮು ಪೂರ್ತಿ ವಾಸಿಯಾಗಿದೆ. ಅಮ್ಮ ಕೇಳಿದ ಆ ಸಂಬಂಧದ ವಿಷಯ ಮುಂದಿನ ಪತ್ರದಲ್ಲಿ ಖಂಡಿತ ಬರೆಯುತ್ತೇನೆ.

ಬೆಳಿಗ್ಗೆ ಆರೂವರೆಯ ಟ್ರಾಮ್ ಹಿಡಿಯಬೇಕು, ನಿಲ್ಲಿಸುತ್ತೇನೆ. ಗಾಲಿ ಅಲ್ಲಾಡಿಸಿ ನೋಡಿದ ಕೂಡಲೇ ಪ್ರಶಾಂತನಿಂದ ಫೋನ್ ಮಾಡಿಸಿ, ಎಷ್ಟು ಹೊತ್ತಾದರೂ ಎತ್ತುತ್ತೇನೆ.

ನಿಮ್ಮ ಮಗಳು
ಸುಮಾ