ರೂಪಾಯಿ ಇಳಿದರೆ ಸಾಲದು: ಕೇಂದ್ರ ಪ್ರವಾಸೋದ್ಯಮ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ಹಂಪಿಯಲ್ಲಿ ಪ್ರವಾಸಿಗರಿಗೆ ಊರು ತೋರಿಸಿ ಬದುಕುವವನು ನಾನು. ವಿಠ್ಠಲ ದೇವಸ್ಥಾನದ ಟಿಕೆಟ್ ದರ ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600. ಡಾಲರ್‌ಗೆ 70 ರೂಪಾಯಿ ಇದ್ದ 2019ರಲ್ಲಿ ಆ 600 ಎಂದರೆ ಎಂಟೂವರೆ ಡಾಲರ್. 2025ರ ಡಿಸೆಂಬರ್‌ನಲ್ಲಿ ಡಾಲರ್ 90 ದಾಟಿತು. ಈಗ ಏಳು ಡಾಲರ್ ಕೂಡ ಬೇಕಿಲ್ಲ.

ರೂಪಾಯಿ ಇಳಿದರೆ ವಿದೇಶಿಯರು ತಾವಾಗಿಯೇ ಬರುತ್ತಾರೆ ಎಂದು ಹೇಳುವವರಿದ್ದಾರೆ. ಹಾಗಾಗಲಿಲ್ಲ. 2019ರಲ್ಲಿ ದೇಶಕ್ಕೆ 1.09 ಕೋಟಿ ವಿದೇಶಿ ಪ್ರವಾಸಿಗರು ಬಂದಿದ್ದರು. ಆ ಹೊತ್ತಿಗೆ ರೂಪಾಯಿ ಸಾಕಷ್ಟು ಕುಸಿದಿದ್ದರೂ 2024ರಲ್ಲಿ ಬಂದವರು ಒಂದು ಕೋಟಿಯನ್ನೂ ಮುಟ್ಟಲಿಲ್ಲ. ಅದೇ ವರ್ಷ ಥಾಯ್ಲೆಂಡ್‌ಗೆ ಮೂರೂವರೆ ಕೋಟಿ ಜನ ಹೋದರು.

ಇಳಿದ ರೂಪಾಯಿಯ ನಷ್ಟ ಮಾತ್ರ ನಮಗೆ ತಪ್ಪದೆ ತಟ್ಟುತ್ತದೆ. ಕಚ್ಚಾತೈಲದ ಬಹುಪಾಲು ಹೊರಗಿನಿಂದಲೇ ಬರಬೇಕು, ಅದಕ್ಕೆ ಡಾಲರ್ ತೆರಬೇಕು. ಪ್ರವಾಸಿ ತರುವ ಡಾಲರ್ ಆ ಹೊರೆಯನ್ನು ಸ್ವಲ್ಪ ಇಳಿಸುತ್ತದೆ. ಅದೂ ರಫ್ತೇ, ಹಡಗು ಹತ್ತಿಸಬೇಕಾಗಿಲ್ಲ ಅಷ್ಟೆ. ಕಳೆದ ಚಳಿಗಾಲದಲ್ಲಿ ನನ್ನೊಡನೆ ಮೂರು ದಿನ ಸುತ್ತಿದ ದಂಪತಿಯ ಹಣ ಎಲ್ಲಿಗೆ ಹೋಯಿತೆಂದು ಕಣ್ಣಾರೆ ಕಂಡೆ: ತುಂಗಭದ್ರೆಯಲ್ಲಿ ಹರಿಗೋಲು ಹುಟ್ಟು ಹಾಕುವವನಿಗೆ, ಆನೆಗೊಂದಿಯಲ್ಲಿ ಊಟ ಬಡಿಸಿದ ಮನೆಗೆ, ಕನ್ನಡಿ ಚೂರು ಹೊಲಿದ ಚೀಲ ಮಾರುವ ಲಂಬಾಣಿ ಅಜ್ಜಿಗೆ. ಅಜ್ಜಿ ನೋಟನ್ನು ಎರಡು ಬಾರಿ ಎಣಿಸಿ ಸೆರಗಿನ ತುದಿಗೆ ಗಂಟು ಹಾಕಿದರು. ದೇಶದ ಬೆಳವಣಿಗೆ ಎಂಬುದನ್ನು ನಾನು ನೋಡಿರುವುದು ಆ ಗಂಟಿನಲ್ಲಿ.

ಹೀಗಿರುವಾಗ ತಮ್ಮ ಸಚಿವಾಲಯ ವಿದೇಶಗಳಲ್ಲಿದ್ದ ಪ್ರವಾಸೋದ್ಯಮ ಕಚೇರಿಗಳನ್ನು 2023ರಲ್ಲಿ ಮುಚ್ಚಿತು. ಹೊರದೇಶಗಳ ಪ್ರಚಾರಕ್ಕೆ 2024-25ರ ಬಜೆಟ್‌ನಲ್ಲಿ 33 ಕೋಟಿ ರೂಪಾಯಿ ಇತ್ತು, 2025-26ರಲ್ಲಿ ಅದನ್ನು ಸುಮಾರು 3 ಕೋಟಿಗೆ ಇಳಿಸಲಾಯಿತು. ಇಷ್ಟು ದೊಡ್ಡ ದೇಶಕ್ಕೆ ಮೂರು ಕೋಟಿ! ಸರಕು ಅಗ್ಗವಾದ ಹೊತ್ತಿನಲ್ಲಿ ಅಂಗಡಿಯ ದೀಪ ಆರಿಸಿದಂತಾಯಿತು.

ಪ್ರಚಾರವೊಂದೇ ಸಾಲದು ಎಂಬುದನ್ನೂ ಬಲ್ಲೆ. 2025ರ ಮಾರ್ಚ್‌ನಲ್ಲಿ ಇಲ್ಲೇ ಹಂಪಿ ಹತ್ತಿರದ ಸಾಣಾಪುರದ ಕೆರೆಯ ಬಳಿ ಪ್ರವಾಸಿಗರ ಮೇಲೆ ನಡೆದ ಕ್ರೌರ್ಯದ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಆ ಭಯವನ್ನು ಯಾವ ವಿನಿಮಯ ದರವೂ ಕಳೆಯಲಾರದು. ರಾತ್ರಿ ಗಸ್ತು, ದೀಪ, ಕರೆದರೆ ಬರುವ ಪೊಲೀಸರು ಬೇಕು. ಅದು ರಾಜ್ಯದ ಹೊಣೆಯಾದರೂ ಅನುದಾನಕ್ಕೆ ಆ ಷರತ್ತು ಹಾಕುವ ಅಧಿಕಾರ ತಮಗಿದೆ.

ಹಂಪಿಯ ಸೀಸನ್ ಅಕ್ಟೋಬರ್‌ಗೆ ಶುರುವಾಗುತ್ತದೆ. ಯುರೋಪಿನವರು ಟಿಕೆಟ್ ಕಾಯ್ದಿರಿಸುವುದು ಅದಕ್ಕೂ ತಿಂಗಳುಗಳ ಮೊದಲೇ. ಪ್ರಚಾರದ ಹಣವನ್ನು ಮರಳಿ ಕೊಡುವುದಾದರೆ ದಯವಿಟ್ಟು ಬೇಸಿಗೆಯೊಳಗೆ ಕೊಡಿ.

ತಮ್ಮ ವಿಶ್ವಾಸಿ,
ಹಂಪಿಯ ಒಬ್ಬ ಮಾರ್ಗದರ್ಶಿ